ಅಧ್ಯಕ್ಷರ ಬೂಟು

ನಮ್ಮೂರ ಒಳಾಂಗಣ ಕ್ರೀಡಾಂಗಣದ ಉದ್ಘಾಟನೆಯ ದಿನ ಪುರಸಭೆ ಅಧ್ಯಕ್ಷ ಶರಭಣ್ಣನವರು ಬೂಟು ಹಾಕಿಕೊಂಡೇ ಹೊಸ ಮರದ ನೆಲಕ್ಕೆ ಕಾಲಿಟ್ಟರು.

"ಸಾಹೇಬ್ರ, ಬೂಟು ಬಿಚ್ರಿ," ಎಂದಳು ಕಸ ಗುಡಿಸುವ ಹುಲಿಗೆಮ್ಮ.

"ನನಗ ಹೇಳ್ತೀಯೇನು? ನಿನ್ನ ಕೆಲಸ ನೀ ನೋಡ್ಕೋ!"

ಹುಲಿಗೆಮ್ಮ ಹಾಗೇ ಮಾಡಿದಳು. ಮಂಡಿಯೂರಿ, ಅವರ ಒಂದೊಂದು ಹೆಜ್ಜೆಯನ್ನೂ ಒರೆಸುತ್ತ ಹಿಂದೆಯೇ ಹೋದಳು. ಬೂಟು ಬಿಚ್ಚಿಟ್ಟು ಸಾಕ್ಸಿನಲ್ಲಿ ಕೂತಿದ್ದ ಶಾಲೆ ಮಕ್ಕಳು ಕಿಸಕ್ಕನೆ ನಕ್ಕರು.

ಅಧ್ಯಕ್ಷರು ಮುಖ ಸಣ್ಣದು ಮಾಡಿಕೊಂಡು ಬೂಟು ಬಿಚ್ಚಿದರು. ಹರಿದ ಸಾಕ್ಸಿನಿಂದ ಹೆಬ್ಬೆರಳು ಹೊರಗೆ ಇಣುಕಿತು. ಅದನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡು ತಲೆ ತಗ್ಗಿಸಿದರು.

ಕೆಳಗೆ ಕೂತಿದ್ದ ಹುಲಿಗೆಮ್ಮನಿಗೆ ಮಾತ್ರ ಅದು ಕಂಡಿತು. ಇಷ್ಟು ಮಾಡಬಾರದಿತ್ತು ಎಂದು ಅವಳಿಗೇ ನಾಚಿಕೆಯಾಯಿತು. ಎದ್ದು ನಿಂತು ಕೂಗಿದಳು: "ನೆಲ ಜಾರತೈತಿ, ಎಲ್ಲಾರೂ ಸಾಕ್ಸೂ ಬಿಚ್ರಿ!"

ಎಲ್ಲರಿಗಿಂತ ಮೊದಲು ಬಿಚ್ಚಿದವರು ಅಧ್ಯಕ್ಷರು.