ಕೊಪ್ಪರಿಗೆಯಲ್ಲಿ ಹೊಳೆ ದಾಟಿದ ಸೂಲಗಿತ್ತಿ

ನೆರಳಗುಂದಿಯ ದೊರೆ ವೀರತಿಮ್ಮನಾಯಕನಿಗೆ ತನ್ನ ಮನೆತನದ ದತ್ತಿಯ ಮೇಲೆ ಬಲು ಹೆಮ್ಮೆ. ತಾತ ಬಿಟ್ಟುಹೋದ ಗದ್ದೆಗಳ ಆದಾಯವನ್ನು ವರ್ಷಕ್ಕೊಮ್ಮೆ ಊರಿಗೆ ಉಪಕಾರ ಮಾಡುವವರಿಗೆ ಹಂಚುವ ಏರ್ಪಾಡು ಅದು.

"ನಮ್ಮ ಬಾಗಿಲಿಗೆ ಬಂದ ಯೋಗ್ಯರು ಯಾರೂ ಬರಿಗೈಯಲ್ಲಿ ಹೋದದ್ದಿಲ್ಲ" ಎಂದು ಅವನು ಸಭೆಯಲ್ಲಿ ಮೀಸೆ ತಿರುವಿದ.

ಆಸ್ಥಾನದ ವಿದೂಷಕ ಹಂಪಯ್ಯ ಸಣ್ಣಗೆ ಕೆಮ್ಮಿದ. ಬರಿಗೈಯಲ್ಲಿ ಹೋಗುತ್ತಿದ್ದ ಒಬ್ಬಳನ್ನು ಅವನು ಈಗಷ್ಟೇ ಅರಮನೆಯ ಬಾಗಿಲಲ್ಲಿ ಮಾತಾಡಿಸಿ, ಅಲ್ಲೇ ಕೂರಿಸಿ ಬಂದಿದ್ದ.

ಯೋಗ್ಯರನ್ನು ಆರಿಸುವವರು ಮನೆಯ ಮೂವರೇ. ದೊರೆ, ಅವನ ಸೋದರತ್ತೆ ಓಬಾಜಮ್ಮ, ಬಾಮೈದ ರಂಗಪ್ಪನಾಯಕ. ಇವರು ಬಂದವರು ತೋಡಿಸಿದ ಕೆರೆ ನೋಡಲು ಹೋಗುತ್ತಿರಲಿಲ್ಲ, ಅವರು ಮಠದಲ್ಲಿ ಹೇಳುವ ಪಾಠ ಕೇಳಲೂ ಹೋಗುತ್ತಿರಲಿಲ್ಲ. ಅದೆಲ್ಲ ಯಾಕೆಂದು ಬಾಮೈದ ಸುಲಭದ ನಿಯಮವೊಂದನ್ನು ಮಾಡಿದ್ದ: ಬಂದವರ ಕತೆ ಕೇಳಿ ಅತ್ತೆಯ ಕಣ್ಣಲ್ಲಿ ನೀರು ಬಂದರೆ ಅವರು ಯೋಗ್ಯರು, ಬಾರದಿದ್ದರೆ ಅಲ್ಲ.

ನಿಯಮ ಊರಿಗೆ ಗೊತ್ತಾಗಲು ತಡವಾಗಲಿಲ್ಲ. ದತ್ತಿಯ ದಿನ ಹತ್ತಿರ ಬಂದರೆ ಸಂತೆಯಲ್ಲಿ ಈರುಳ್ಳಿ ಬೆಲೆ ಏರುತ್ತಿತ್ತು. ಒಬ್ಬನಂತೂ ಮೂರು ವರ್ಷ, ಮೂರು ಸಲ, ತನ್ನ ತಾಯಿ ತೀರಿಕೊಂಡ ಕತೆ ಹೇಳಿ ಹಣ ಪಡೆದ. ಮೂರನೆಯ ಸಲ ಚೀಲ ಹೊರಲು ಅದೇ ತಾಯಿ ಜೊತೆಗೆ ಬಂದಿದ್ದಳು.

ಬಾಗಿಲಲ್ಲಿ ಕೂತಿದ್ದವಳು ಸೂಲಗಿತ್ತಿ ಸಣ್ಣೀರಮ್ಮ. ಹೊಳೆಯ ಆಚೆ ದಡದ ಹಟ್ಟಿಗಳಿಗೆ ಹೋಗಿ ಹೆರಿಗೆ ಮಾಡಿಸಲು ಅವಳಿಗೊಂದು ಹರಿಗೋಲು ಬೇಕಿತ್ತು. ಆಚೆ ಕಡೆ ಇಬ್ಬರು ಹೆಂಗಸರಿಗೆ ದಿನ ತುಂಬುತ್ತಿತ್ತು, ಹೊಳೆಯೂ ತುಂಬುತ್ತಿತ್ತು. ಬೆಳಿಗ್ಗೆ ಅವಳು ಒಳಗೆ ಹೋದಾಗ ರಂಗಪ್ಪನಾಯಕ, ನಿನ್ನ ಕೈಯಲ್ಲಿ ಎಷ್ಟು ಬಾಣಂತಿಯರು ಸತ್ತಿದ್ದಾರೆ ಎಂದು ಕೇಳಿದ್ದ. ದೇವರ ದಯೆ, ಒಬ್ಬರೂ ಇಲ್ಲ ಎಂದಿದ್ದಳು. ಹಾಗಾದರೆ ಇಲ್ಲಿಗೆ ಯಾಕೆ ಬಂದೆ ಎಂದು ಕಳಿಸಿಬಿಟ್ಟಿದ್ದ.

"ಒಂದು ಹರಿಗೋಲು ಸಿಗಬೇಕಾದರೆ ಯಾರಾದರೂ ಸಾಯಬೇಕಾ ಸ್ವಾಮಿ?" ಎಂದು ಅವಳು ಹಂಪಯ್ಯನನ್ನು ಕೇಳಿದ್ದಳು. ಇಲ್ಲಿಯವರೆಗೆ ಹೊಳೆ ಹೇಗೆ ದಾಟುತ್ತಿದ್ದೆ ಎಂದು ಅವನು ವಿಚಾರಿಸಿದ. ಅವಳು ಹೇಳಿದ್ದನ್ನು ಕೇಳಿ ಹಂಪಯ್ಯ ಗೋಡೆ ಹಿಡಿದುಕೊಂಡು ನಿಂತ. ಅವನ ತಲೆಯಲ್ಲಿ ಉಪಾಯ ಹುಟ್ಟಿದ್ದು ಆಗಲೇ.

ಈಗ ಸಭೆಯಲ್ಲಿ ಅವನು, ಸೂಲಗಿತ್ತಿಯ ಮಾತನ್ನು ಇನ್ನೊಮ್ಮೆ ಕೇಳಬೇಕೆಂದು ಬೇಡಿಕೊಂಡ. ಅತ್ತೆಯ ಕಣ್ಣಲ್ಲಿ ನೀರು ಬಂದರೆ ಮಾತ್ರ ಹರಿಗೋಲು ಎಂದ ದೊರೆ.

"ಆಗಲಿ ಪ್ರಭು. ಬಂದ ನೀರು ಯಾವ ಬಗೆಯದು ಅಂತ ಆಮೇಲೆ ಯಾರೂ ತಕರಾರು ತೆಗೆಯಬಾರದು."

ದೊರೆ ಒಪ್ಪಿದ. ಸಣ್ಣೀರಮ್ಮ ಬಂದು ಕೈಮುಗಿದಳು. ಓಬಾಜಮ್ಮ ರೂಢಿಯಂತೆ ಸೆರಗನ್ನು ಕಣ್ಣಿನ ಹತ್ತಿರ ಹಿಡಿದು ಸಿದ್ಧವಾದಳು.

ದೋಣಿಯಿಲ್ಲದ್ದಕ್ಕೆ ಮದುವೆ ಅಡುಗೆಯ ಕೊಪ್ಪರಿಗೆಯಲ್ಲಿ ಕೂತು ಹೊಳೆ ದಾಟುತ್ತೇನೆ ಎಂದು ಸಣ್ಣೀರಮ್ಮ ಶುರುಮಾಡಿದಳು. ಸೆಳವಿಗೆ ಸಿಕ್ಕರೆ ಅದು ಬುಗುರಿಯ ಹಾಗೆ ತಿರುಗುತ್ತದೆ. ಹೋದ ಯುಗಾದಿಯ ಸಂಜೆ ಆಚೆ ದಡಕ್ಕಿಳಿದಾಗ ತಲೆ ಸುತ್ತಿ ಒಂದು ಮನೆ ಎರಡಾಗಿ ಕಾಣುತ್ತಿತ್ತು. ನರಳುವ ಸದ್ದು ಕೇಳಿದ ಕಡೆ ನುಗ್ಗಿದಳು. ಅದು ಹೊಳೆದಂಡೆಯ ತೋಟದ ಮನೆ. ಒಳಗೆ ಯಾರೋ ಮುಸುಕು ಹೊದ್ದು ಮಲಗಿದ್ದರು, ಹೊಟ್ಟೆ ಗುಡ್ಡದ ಹಾಗಿತ್ತು.

ಈ ಮಾತಿಗೆ ರಂಗಪ್ಪನಾಯಕ ಕೂತಲ್ಲೇ ಸ್ವಲ್ಪ ಸರಿದ.

"ಹರಳೆಣ್ಣೆ ಬಿಸಿಮಾಡಿ ಹೊಟ್ಟೆ ನೀವಿದೆ ಬುದ್ಧಿ. ಚೊಚ್ಚಲಾ ಮಗಳೇ ಅಂತ ಕೇಳಿದೆ. ಹೂಂ ಅಂತ ನರಳಿದರು. ಹೆದರಬೇಡ ಕಂದಾ, ಉಸಿರು ಬಿಗಿಹಿಡಿದು ತಿಣುಕು ಅಂದೆ. ಪಾಪ, ಹೇಳಿದ ಹಾಗೇ ತಿಣುಕಿದರು. ಆಗ ಮುಸುಕು ಜಾರಿತು. ನೋಡಿದರೆ, ಇಷ್ಟು ದಪ್ಪ ಮೀಸೆ."

ಓಬಾಜಮ್ಮನ ಸೆರಗು ಕಣ್ಣಿನಿಂದ ಬಾಯಿಗೆ ಇಳಿಯಿತು. ಅವಳ ಹೆಗಲು ಕುಲುಕತೊಡಗಿತು.

ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು ಹೇಗೆಂದು ಓಮದ ಕಷಾಯ ಕುಡಿಸಿದಳಂತೆ ಸಣ್ಣೀರಮ್ಮ. ಸ್ವಲ್ಪ ಹೊತ್ತಿಗೆಲ್ಲ ಅವರಿಗೆ ಹಗುರವಾಯಿತು. ಅವಳು ಪಕ್ಕದ ಹಟ್ಟಿಗೆ ಓಡಿ ನಿಜವಾದ ಹೆರಿಗೆ ಮಾಡಿಸಿದಳು, ಅಲ್ಲಿ ತಾಯಿ ಮಗು ಇಬ್ಬರೂ ಕ್ಷೇಮ.

"ಅದಿರಲಿ," ಓಬಾಜಮ್ಮ ಕಷ್ಟಪಟ್ಟು ಕೇಳಿದಳು, "ಆ ಮೀಸೆಯವರಿಗೆ ಏನಾಯಿತು? ಹೆಣ್ಣೋ, ಗಂಡೋ?"

"ಬರೀ ಗಾಳಿ, ಅಮ್ಮಾವ್ರೇ. ಆದರೆ ಒಂಬತ್ತು ತಿಂಗಳದ್ದು."

ಅತ್ತೆ ನಕ್ಕ ನಗುವಿಗೆ ಕಂಬದ ಮೇಲಿನ ಪಾರಿವಾಳಗಳು ಹಾರಿಹೋದವು. ಕಣ್ಣೀರು ಕೆನ್ನೆಯಿಂದ ಇಳಿದು ಕೊರಳ ಅಡ್ಡಿಕೆಯನ್ನು ನೆನೆಸಿತು. ದೊರೆ ಸಿಂಹಾಸನದ ತೋಳು ಹಿಡಿದುಕೊಂಡು ಬಾಗಿದ್ದ.

ನಕ್ಕ ಕಣ್ಣೀರು ಲೆಕ್ಕಕ್ಕಿಲ್ಲ ಎಂದು ರಂಗಪ್ಪನಾಯಕ ಎದ್ದು ನಿಂತ. ಯಾವ ಬಗೆಯದೆಂದು ಕೇಳುವಂತಿಲ್ಲ ಎಂದು ಹಂಪಯ್ಯ ನೆನಪಿಸಿದ. ಅಷ್ಟಕ್ಕೇ ಬಿಡದೆ ಸೂಲಗಿತ್ತಿಯ ಕಡೆ ತಿರುಗಿ, ಆ ಮೀಸೆಯವರಿಗೆ ಅಂಥ ನೋವು ಯಾಕೆ ಬಂತೆಂದು ವಿಚಾರಿಸಿದ.

"ಯುಗಾದಿ ಅಲ್ಲವಾ ಸ್ವಾಮಿ. ಇಪ್ಪತ್ತು ಹೋಳಿಗೆ ತಿಂದಿದ್ದರಂತೆ."

"ಸುಳ್ಳು. ಹದಿನಾಲ್ಕು" ಎಂದ ರಂಗಪ್ಪನಾಯಕ. ಅಂದಮೇಲೆ ಬಾಯಿ ಮುಚ್ಚಿಕೊಂಡ.

ಸಭೆ ಸುಧಾರಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಆಮೇಲೆ ದೊರೆ ಹರಿಗೋಲಿಗೆ ಅಪ್ಪಣೆ ಕೊಟ್ಟ. ಹಂಪಯ್ಯ ಮತ್ತೆ ಕೆಮ್ಮಿದ. ಹುಟ್ಟು ಹಾಕುವವನಿಲ್ಲದಿದ್ದರೆ ಹರಿಗೋಲೂ ತಿರುಗುತ್ತದೆ, ಸೂಲಗಿತ್ತಿ ಮತ್ತೆ ಯಾರ ಮನೆಗೆ ನುಗ್ಗುತ್ತಾಳೋ ಎಂದ. ಅಂಬಿಗನೊಬ್ಬನಿಗೆ ವರ್ಷವಿಡೀ ದವಸ ಕೊಡುವುದೆಂದೂ ತೀರ್ಮಾನವಾಯಿತು. ಸಣ್ಣೀರಮ್ಮ ಅಂದೇ ಹೊಳೆಯ ದಾರಿ ಹಿಡಿದಳು.

ಇನ್ನು ಮುಂದೆ ಮೂವರೂ ಹೋಗಿ ಕೆಲಸ ನೋಡಿಯೇ ದತ್ತಿ ಕೊಡೋಣ ಎಂದ ದೊರೆ, ತನ್ನ ಕೈಯ ಕಡಗ ಬಿಚ್ಚಿ ಹಂಪಯ್ಯನಿಗೆ ತೊಡಿಸಿದ. "ಮೂವರಲ್ಲ, ಇಬ್ಬರು ಸಾಕೇನೋ. ಬಾಮೈದನನ್ನು ಬಿಟ್ಟುಬಿಡಲೇ?" ಎಂದು ಕೇಳಿದ.

"ಬೇಡಿ ಪ್ರಭು" ಎಂದ ಹಂಪಯ್ಯ. "ಈ ಸಂಸ್ಥಾನದ ಗಂಡಸರಲ್ಲಿ ಹೆರಿಗೆನೋವು ಕಂಡವರು ಅವರೊಬ್ಬರೇ."