ಬಿಲ್ಲುಗಾರನ ಎಡಗೈ

"ಗುರುಗಳೇ, ಪ್ರೀತಿಸಿದವರನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ತಪ್ಪೇ?" ಎಂದು ಶಿಷ್ಯ ಮುರುಘಯ್ಯ ಕೇಳಿದ.

ಅವನು ಯಾಕೆ ಕೇಳುತ್ತಿದ್ದಾನೆಂದು ಗುರುಗಳಿಗೆ ಗೊತ್ತಿತ್ತು. ಅವನ ತಂಗಿ ಕಳೆದ ಚಳಿಗಾಲದಲ್ಲಿ ಕಾಯಿಲೆ ಬಿದ್ದು ಸಾವಿನ ದವಡೆಯಿಂದ ಪಾರಾಗಿ ಬಂದಿದ್ದಳು. ಈಗ ಓಡಾಡುವಷ್ಟು ಗುಣವಾಗಿದ್ದಳು. ಆದರೆ ಅಣ್ಣ ಅವಳನ್ನು ಬಾವಿಗೆ ಬಿಡುತ್ತಿರಲಿಲ್ಲ, ಹೊಲಕ್ಕೆ ಬಿಡುತ್ತಿರಲಿಲ್ಲ, ಪಕ್ಕದ ಬೀದಿಯ ಗೆಳತಿಯ ಮನೆಗೂ ಒಬ್ಬಳನ್ನೇ ಕಳಿಸುತ್ತಿರಲಿಲ್ಲ. ಅವಳು ಅವನೊಡನೆ ಮಾತು ಬಿಟ್ಟಿದ್ದಳು.

"ಕೂತುಕೋ" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಬ್ಬ ಬಿಲ್ಲುಗಾರನಿದ್ದ. ಅವನು ಬೇಟೆಯಾಡುವವನಲ್ಲ, ಯುದ್ಧಕ್ಕೆ ಹೋದವನೂ ಅಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಹರಿಗೋಲು ಸೆಳೆತಕ್ಕೆ ಸಿಕ್ಕಿ ಕೊಚ್ಚಿಹೋಗುತ್ತಿತ್ತು. ದಡದಿಂದ ದಡಕ್ಕೆ ಹಗ್ಗ ಕಟ್ಟಿದರೆ ಮಾತ್ರ ದಾಟಬಹುದಿತ್ತು. ಹೊಳೆ ಕಿರಿದಾಗುವ ಜಾಗದಲ್ಲಿ ನಿಂತು ಬಿಲ್ಲುಗಾರ ಬಾಣಕ್ಕೆ ಸಣ್ಣ ನೂಲು ಕಟ್ಟಿ ಆಚೆಗೆ ಹೊಡೆಯುತ್ತಿದ್ದ. ಆಚೆಯವರು ನೂಲನ್ನು ಎಳೆದುಕೊಂಡರೆ ಅದರ ಹಿಂದೆ ಹುರಿ ಹೋಗುತ್ತಿತ್ತು, ಹುರಿಯ ಹಿಂದೆ ಹಗ್ಗ ಹೋಗುತ್ತಿತ್ತು. ಆಚೆ ದಡದಲ್ಲಿ ಎರಡು ದೊಡ್ಡ ಬಂಡೆಗಳ ನಡುವೆ ಒಂದಿಷ್ಟೇ ಮರಳಿತ್ತು. ಬಾಣ ಅಲ್ಲೇ ಬೀಳಬೇಕು. ಬಂಡೆಗೆ ತಗುಲಿದರೆ ನೀರಿಗೆ ಬಿತ್ತೆಂದೇ ಲೆಕ್ಕ.

ಆ ನೂಲನ್ನು ನೂಲುತ್ತಿದ್ದವಳು ಅವನ ಹೆಂಡತಿ. ಅವಳು ಅದನ್ನು ಬುಟ್ಟಿಯಲ್ಲಿ ಸುರುಳಿ ಸುರುಳಿಯಾಗಿ ಇಟ್ಟುಕೊಂಡು ಅವನ ಪಕ್ಕದಲ್ಲಿ ಕೂರುತ್ತಿದ್ದಳು. ಬಾಣ ಹಾರಿದಾಗ ನೂಲು ಅವಳ ಬೆರಳುಗಳ ನಡುವಿನಿಂದ ಸರ್ರನೆ ಬಿಚ್ಚಿಕೊಂಡು ಹೋಗುತ್ತಿತ್ತು. ಅವಳ ನೂಲು ಒಮ್ಮೆಯೂ ಸಿಕ್ಕಾದದ್ದಿಲ್ಲ. ಅವನ ಬಾಣ ಗುರಿ ತಪ್ಪಿದ್ದೂ ಅಪರೂಪ.

ಹೀಗಿರುವಾಗ ಅವಳ ಕಣ್ಣು ಮಂಜಾಗತೊಡಗಿತು. ಮೊದಲು ಆಚೆ ದಡ ಮಾಯವಾಯಿತು, ಆಮೇಲೆ ಹೊಳೆ, ಆಮೇಲೆ ಮನೆಯಂಗಳ. ಒಂದು ದಿನ ಗಂಡ ಮನೆಯಲ್ಲಿಲ್ಲದಾಗ ಹಿತ್ತಿಲಲ್ಲಿ ಎಡವಿ ಬಿದ್ದಳು. ಹಣೆ ಒಡೆಯಿತು. ಅವನು ಬಂದು ನೋಡಿದಾಗ ಅವಳು ಬಾಗಿಲಿಗೊರಗಿ ಕೂತು ಸೆರಗಿನಿಂದ ರಕ್ತ ಒತ್ತಿಕೊಳ್ಳುತ್ತಿದ್ದಳು.

ಆ ದಿನದಿಂದ ಅವನು ಅವಳ ಮಣಿಕಟ್ಟು ಬಿಡಲಿಲ್ಲ. ಬಾವಿಗೆ ಹೋದರೂ ಹಿಡಿದುಕೊಂಡ, ಅಂಗಳಕ್ಕೆ ಇಳಿದರೂ ಹಿಡಿದುಕೊಂಡ. ಅವನು ಮುಂದೆ, ಅವಳು ಹಿಂದೆ. ಅವಳ ಮಣಿಕಟ್ಟಿನ ಮೇಲೆ ಅವನ ಬೆರಳಿನ ಗುರುತು ಕೆಂಪಗೆ ಮೂಡುತ್ತಿತ್ತು. ಅವನ ಭಯ ಅವಳಿಗೆ ಅರ್ಥವಾಗುತ್ತಿತ್ತು. ಅದಕ್ಕೇ ಏನೂ ಅನ್ನುತ್ತಿರಲಿಲ್ಲ.

ಅದೇ ವರ್ಷ ಅವನ ಬಾಣಗಳು ಎಡಕ್ಕೆ ಸರಿಯತೊಡಗಿದವು. ತನ್ನ ಕೈ ಸೋತಿದೆ, ಬಿಲ್ಲು ಜಾರುತ್ತಿದೆ ಎಂದುಕೊಂಡ. ಬಿಲ್ಲಿನ ಹಿಡಿಗೆ ಚರ್ಮ ಸುತ್ತಿದ. ಬೆರಳ ಗೆಣ್ಣುಗಳು ಬಿಳಿಚಿಕೊಳ್ಳುವಂತೆ ಹಿಡಿದು ಹೊಡೆದ. ಬಿಗಿ ಹೆಚ್ಚಿದಷ್ಟೂ ಬಾಣ ಇನ್ನಷ್ಟು ಪಕ್ಕಕ್ಕೆ ಹೋಯಿತು. ಊರಿನವರು ಬೇರೆ ಬಿಲ್ಲುಗಾರನನ್ನು ಹುಡುಕುವ ಮಾತಾಡಿದರು. ಅದು ಅವನ ಕಿವಿಗೂ ಬಿತ್ತು.

ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆಚೆ ದಡದಿಂದ ಕೂಗು ಕೇಳಿಸಿತು. ಅಲ್ಲಿಯ ಕುರುಬರ ಹಟ್ಟಿಯಲ್ಲಿ ಒಬ್ಬ ಬಸುರಿ ಹೆರಿಗೆ ನೋವಿನಲ್ಲಿದ್ದಳು. ಮಗು ಅಡ್ಡವಾಗಿತ್ತು. ಸೂಲಗಿತ್ತಿ ಇದ್ದದ್ದು ಈಚೆ ದಡದಲ್ಲಿ. ಅವಳು ಗಂಟು ಕಟ್ಟಿಕೊಂಡು ಬಂದು ಹರಿಗೋಲಿನ ಬಳಿ ನಿಂತಳು. ಹೊಳೆ ಕೆಂಪಗೆ ಉಕ್ಕುತ್ತಿತ್ತು.

ಬಿಲ್ಲುಗಾರ ಹೆಂಡತಿಯನ್ನು ಮನೆಯಲ್ಲೇ ಕೂರಿಸಿ ಒಬ್ಬನೇ ಬಂದಿದ್ದ. ಮೊದಲ ಬಾಣ ಹೊಡೆದ. ಅದು ಎಡಗಡೆಯ ಬಂಡೆಗೆ ಬಡಿದು ನೀರಿಗೆ ಬಿತ್ತು. ನೂಲು ಎಳೆದುಕೊಂಡು ಮತ್ತೆ ಹೊಡೆದ. ಅದೂ ನೀರಿಗೇ ಹೋಯಿತು. ನೆನೆದ ನೂಲು ಈಗ ಭಾರವಾಗಿತ್ತು. ಅದನ್ನು ಕಟ್ಟಿದರೆ ಬಾಣ ಅರ್ಧ ಹೊಳೆಯನ್ನೂ ದಾಟುವಂತಿರಲಿಲ್ಲ. ದಡದಲ್ಲಿ ನೆರೆದಿದ್ದ ಊರವರು ಯಾರೂ ಅವನನ್ನು ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

ಒಣ ನೂಲು ತರಲು ಅವನು ತಿರುಗಿದ. ದಡದ ಮೆಟ್ಟಿಲುಗಳ ಮೇಲ್ತುದಿಯಲ್ಲಿ ಅವನ ಹೆಂಡತಿ ನಿಂತಿದ್ದಳು. ಗೋಡೆಗಳನ್ನು ತಡವಿಕೊಂಡು ಒಬ್ಬಳೇ ಬಂದಿದ್ದಳು. ಸೊಂಟದ ಮೇಲೆ ಬುಟ್ಟಿಯಿತ್ತು.

ಅವನು ಓಡಿಹೋಗಿ ಅವಳ ಮಣಿಕಟ್ಟು ಹಿಡಿದ. "ಯಾಕೆ ಬಂದೆ? ಬಿದ್ದಿದ್ದರೆ?"

"ನೂಲು ನೆನೆದಿರುತ್ತದೆ ಅಂತ ಅನ್ನಿಸಿತು, ಬಂದೆ" ಎಂದಳು.

ಅವನು ಅವಳನ್ನು ಎಳೆದುಕೊಂಡು ಇಳಿಯತೊಡಗಿದ. ಮೆಟ್ಟಿಲು ಒದ್ದೆಯಾಗಿ ಪಾಚಿಗಟ್ಟಿತ್ತು. ಅವಳ ಕಾಲು ನೆಲೆ ಹುಡುಕುವ ಮೊದಲೇ ಅವನ ಕೈ ಅವಳನ್ನು ಮುಂದಕ್ಕೆಳೆಯಿತು. ಅವಳು ಮುಗ್ಗರಿಸಿದಳು, ಬುಟ್ಟಿ ವಾಲಿತು. ಅವನು ಇನ್ನೂ ಬಿಗಿಯಾಗಿ ಹಿಡಿದ.

ಅವಳು ನಿಂತುಬಿಟ್ಟಳು. "ಕೈ ಬಿಡು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಎಳೆದರೆ ನನ್ನ ಕಾಲು ಎಲ್ಲಿದೆ ಅಂತಲೇ ನನಗೆ ತಿಳಿಯೋದಿಲ್ಲ. ನೀನು ನನ್ನನ್ನ ಹಿಡೀಬೇಡ. ಕೈ ಚಾಚಿಟ್ಟಿರು, ಸಾಕು. ನಾನೇ ಹಿಡ್ಕೋತೀನಿ."

ಬಿಡುವುದು ಅವನಿಗೆ ಸುಲಭವಾಗಲಿಲ್ಲ. ಒಂದೊಂದೇ ಬೆರಳು ಸಡಿಲಿಸಿದ. ಎಡಗೈಯನ್ನು ಅವಳ ಮುಂದೆ ಚಾಚಿದ. ಅವಳು ತಡವಿ ನೋಡಿ, ಅವನ ಹೆಬ್ಬೆರಳು ತೋರುಬೆರಳುಗಳ ನಡುವಿನ ತಗ್ಗಿನಲ್ಲಿ ತನ್ನ ಕೈ ಊರಿದಳು. ಆಮೇಲೆ ಒಂದು ಮೆಟ್ಟಿಲು ಇಳಿದಳು.

ಅವನು ಏನನ್ನೂ ಹಿಡಿದಿರಲಿಲ್ಲ. ಆದರೂ ಅವಳ ಒಂದೊಂದು ಹೆಜ್ಜೆಯೂ ಅವನ ಕೈಗೆ ತಿಳಿಯುತ್ತಿತ್ತು. ಅವಳು ಅನುಮಾನಿಸಿದಾಗ ಭಾರ ಹೆಚ್ಚುತ್ತಿತ್ತು, ಧೈರ್ಯವಾದಾಗ ಹಗುರವಾಗುತ್ತಿತ್ತು. ಮಣಿಕಟ್ಟು ಹಿಡಿದು ನಡೆದಷ್ಟು ದಿನ ತನ್ನ ಭಯವೊಂದು ಬಿಟ್ಟು ಬೇರೇನೂ ತನಗೆ ತಿಳಿದಿರಲಿಲ್ಲ ಎಂದು ಅವನಿಗೆ ಹೊಳೆಯಿತು. ಇಬ್ಬರೂ ಕೆಳಗಿಳಿದರು. ಅವಳು ತನ್ನ ಜಾಗದಲ್ಲಿ ಕೂತು ನೂಲಿನ ತುದಿಯನ್ನು ಅವನಿಗೆ ಕೊಟ್ಟಳು.

ಬಿಲ್ಲುಗಾರ ಹಿಡಿಗೆ ಸುತ್ತಿದ್ದ ಚರ್ಮ ಬಿಚ್ಚಿದ. ಅವಳು ಕೈಯೂರಿದ್ದ ಜಾಗದಲ್ಲಿ ಬಿಲ್ಲನ್ನು ಇಟ್ಟುಕೊಂಡ. ಬಾಣ ಹೂಡಿದ. ಬೆರಳುಗಳು ಬಿಗಿಯಲು ಹವಣಿಸಿದವು, ಅವನು ಬಿಗಿಯಗೊಡಲಿಲ್ಲ. ಹೆದೆಯನ್ನು ಎಳೆದಷ್ಟೂ ಬಿಲ್ಲು ತಾನಾಗಿಯೇ ಬಂದು ಅಂಗೈಗೆ ಒರಗಿತು. ಅದು ಜಾರಲಿಲ್ಲ. ಇಷ್ಟು ದಿನ ಬಾಣ ಹೊರಡುವ ಗಳಿಗೆಯಲ್ಲಿ ಬಿಲ್ಲನ್ನು ತಿರುಚುತ್ತಿದ್ದದ್ದು ತನ್ನ ಮುಷ್ಟಿಯೇ ಎಂದು ಅವನಿಗೆ ಆಗ ಗೊತ್ತಾಯಿತು.

ಬಾಣ ಬಿಟ್ಟ. ಬಿಲ್ಲು ಅವನ ಕೈಯಲ್ಲಿ ಮೆಲ್ಲಗೆ ಮುಂದಕ್ಕೆ ಬಾಗಿ ನಿಂತಿತು.

ಅಷ್ಟರಲ್ಲಿ ತುಂತುರು ಮುಸುಕಿದ್ದರಿಂದ ಆಚೆ ದಡ ಯಾರಿಗೂ ಕಾಣಲಿಲ್ಲ. ಎಲ್ಲರೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಬುಟ್ಟಿಯ ಬಳಿ ಕೂತವಳು ಮಾತ್ರ ನೋಡುತ್ತಿರಲಿಲ್ಲ. ಅವಳ ಬೆರಳುಗಳ ನಡುವೆ ನೂಲು ನಿಂತಿತು, ಮತ್ತೆ ಸರಿಯತೊಡಗಿತು.

"ಮುಟ್ಟಿತು" ಎಂದಳು. "ಯಾರೋ ಎಳೆಯುತ್ತಿದ್ದಾರೆ."

ನೂಲಿನ ಹಿಂದೆ ಹುರಿ ಹೋಯಿತು, ಹಗ್ಗ ಹೋಯಿತು. ಅಂಬಿಗ ಹಗ್ಗ ಹಿಡಿದು ಹರಿಗೋಲು ನಡೆಸಿದ. ಸೂಲಗಿತ್ತಿ ಗಂಟನ್ನು ಎದೆಗವುಚಿಕೊಂಡು ದಾಟಿದಳು. ಗಂಡ ಹೆಂಡತಿ ಮನೆಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ಕಾದರು. ಅವಳ ಮಣಿಕಟ್ಟಿನ ಮೇಲಿನ ಕೆಂಪು ಗುರುತನ್ನು ಅವನು ಅಂದು ಮೊದಲ ಸಲ ನೋಡಿದ. ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಸವರಿದ. "ಇರಲಿ ಬಿಡು" ಎಂದಳು ಅವಳು.

ಹೊತ್ತು ಇಳಿಯುವ ಮುಂಚೆ ಆಚೆಯಿಂದ ಕೂಗು ಬಂತು. ಹೆಣ್ಣು ಮಗು ಹುಟ್ಟಿತ್ತು. ತಾಯಿ ಉಳಿದಿದ್ದಳು.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಮುರುಘಯ್ಯ ಅಂಜುತ್ತಲೇ ಕೇಳಿದ: "ಗುರುಗಳೇ, ಅವನು ಕೈ ಬಿಟ್ಟ ಮೇಲೆ ಅವಳು ಮತ್ತೆಂದೂ ಬೀಳಲಿಲ್ಲವೇ?"

"ಬಿದ್ದಳು ಮಗೂ, ಬಿದ್ದಲ್ಲಿಂದಲೇ ಕೈ ಚಾಚಿ ತಡವಿದಳು, ಅವನ ಕೈ ಅಲ್ಲೇ ಇತ್ತು."