ಒಂಬತ್ತರ ಮುಂದಿನ ಆರು ಮಂದಿ

ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದರ ಬಾಯ್ಲರ್ ಯಂತ್ರದೊಳಗೆ ನಾಲ್ಕು ದೀಪಗಳಿದ್ದವು. ಅವುಗಳ ಬೆಲೆ ಎಂಟು, ನಾಲ್ಕು, ಎರಡು, ಒಂದು. ಉರಿದ ದೀಪಗಳ ಬೆಲೆ ಕೂಡಿದರೆ ಹಬೆಯ ಒತ್ತಡ ತಿಳಿಯುತ್ತಿತ್ತು. ಆ ಮೊತ್ತವನ್ನು ಹೊರಗಿನ ಪುಟ್ಟ ಕಿಟಕಿಯಲ್ಲಿ ತೋರಿಸುವುದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳ ಕೆಲಸ. ಕಿಟಕಿಯಲ್ಲಿ ಒಬ್ಬರಿಗಷ್ಟೇ ಜಾಗ.

ಒಂದು ದಿನ ನಾಲ್ಕೂ ದೀಪಗಳು ಉರಿದವು. ಕಿಟಕಿಯಲ್ಲಿ ಒಂಬತ್ತು ಬಂದು ನಿಂತಿತು. ಬಾಯ್ಲರ್ ನೋಡಿಕೊಳ್ಳುವ ಹಜೀರಾಬಿ, ಒಂಬತ್ತೇ ತಾನೇ, ಅಪಾಯವಿಲ್ಲ ಎಂದು ಸುಮ್ಮನಾದಳು. ಕೊಳವೆ ಸೀಳಿತು, ಅವಳ ಕೈ ಬೆಂದಿತು.

ದೀಪಗಳು ಕೆರಳಿದವು. "ನಾವು ಹದಿನೈದು ಎಂದೆವು. ನೀನು ಒಂಬತ್ತು ಎಂದೆ. ಯಾಕೆ?" ಎಂದು ಎಂಟರ ದೀಪ ಕೇಳಿತು.

"ಹದಿನೈದು ಬರೆಯಲು ಎರಡು ಮನೆ ಬೇಕು, ಇರುವುದು ಒಂದು. ಒಂದು ಮನೆಯಲ್ಲಿ ನನಗಿಂತ ದೊಡ್ಡವರಿಲ್ಲ," ಎಂದಿತು ಒಂಬತ್ತು.

"ಉರಿದು ಆರಿ ನಾವು ಸೊನ್ನೆಯಿಂದ ಹದಿನೈದರವರೆಗೆ ಹದಿನಾರು ಮೊತ್ತ ಹೇಳುತ್ತೇವೆ, ನೀವು ಹತ್ತೇ ಮಂದಿ. ಹತ್ತರಿಂದ ಹದಿನೈದರವರೆಗಿನ ಉಳಿದ ಆರಕ್ಕೆ ಎ, ಬಿ, ಸಿ, ಡಿ, ಇ, ಎಫ್ ಬರಲಿ."

"ಅಂಕೆಗಳ ಪಂಕ್ತಿಯಲ್ಲಿ ಅಕ್ಷರಗಳೇ? ನಮ್ಮ ಕುಲವೇನು, ಅವುಗಳ ಕುಲವೇನು?"

"ಬೆಂದ ಕೈಗೆ ನಿನ್ನ ಕುಲ ಹಚ್ಚಲು ಬರುವುದಿಲ್ಲ," ಎಂದಿತು ದೀಪ.

ಅಕ್ಷರಗಳು ಬಂದವು. ಎಫ್ ಎಂದರೆ ಹದಿನೈದೆಂದು ಹಜೀರಾಬಿ ಕಲಿತಳು. ಮತ್ತೊಮ್ಮೆ ನಾಲ್ಕೂ ದೀಪಗಳು ಉರಿದಾಗ ಒಂಬತ್ತು ಕಿಟಕಿಗೆ ನುಗ್ಗಿತು. ಎಫ್ ಅದನ್ನು ಪಕ್ಕಕ್ಕೆ ತಳ್ಳಿ ನಿಂತಿತು. ಎಫ್ ಕಂಡವಳೇ ಹಜೀರಾಬಿ ಹಬೆ ಬಿಡುವ ತಿರುಪು ತೆರೆದಳು. ಒತ್ತಡ ಇಳಿಯಿತು.

"ಹಾಗಾದರೆ ನನ್ನ ಗತಿ?" ಎಂದಿತು ಒಂಬತ್ತು.

"ಒತ್ತಡ ಒಂಬತ್ತಾದಾಗ ಕರೆಯುತ್ತೇವೆ," ಎಂದಿತು ಎಂಟರ ದೀಪ. "ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಇರು."